ಗಾಲಿ ಎತ್ತಿದರೆ ಸಾಕೋ, ಸೈಕಲ್ಲೇ ಎತ್ತಬೇಕೋ: ಮನೆ ರಿಪೇರಿಗೆ ಸ್ಟ್ಯಾಂಡ್ ಕೊಳ್ಳುವ ಮುಂಚೆ

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಸೈಕಲ್ ಇವೆ. ಒಂದು ಅಪ್ಪನ ಕಾಲದ ಕರಿ ಸೈಕಲ್. ಕ್ಯಾರಿಯರ್ ಇದೆ, ಡಬಲ್ ಸ್ಟ್ಯಾಂಡ್ ಇದೆ, ಗೇರ್ ಇಲ್ಲ. ಇನ್ನೊಂದು ಮಗಳ ಗೇರ್ ಸೈಕಲ್. ಮೂರನೆಯದು ನನ್ನದು, ಡಿಸ್ಕ್ ಬ್ರೇಕ್ ಇರುವ ಹೈಬ್ರಿಡ್. ಭಾನುವಾರ ಬೆಳಿಗ್ಗೆ ಭೂತನಾಳ ಕೆರೆ ಕಡೆ ಒಂದು ಸುತ್ತು ಹೋಗಿ ಬಂದು, ಚಹಾ ಕುಡಿದು, ಇವುಗಳ ಕೆಲಸ ಹಿಡಿಯುತ್ತೇನೆ. ಕೆಲವು ವರ್ಷಗಳಿಂದ ಇದು ರೂಢಿಯಾಗಿದೆ. ಅಷ್ಟರಲ್ಲಿ ಸೈಕಲ್ಲನ್ನು ಎಷ್ಟು ಬಗೆಯಲ್ಲಿ ನಿಲ್ಲಿಸಬಹುದೋ ಅಷ್ಟೂ ಬಗೆ ಮಾಡಿ ನೋಡಿದ್ದೇನೆ. ಗೋಡೆಗೆ ಆನಿಸಿದ್ದೇನೆ, ತಲೆಕೆಳಗು ಮಾಡಿದ್ದೇನೆ, ಹಗ್ಗಕ್ಕೆ ತೂಗುಬಿಟ್ಟಿದ್ದೇನೆ, ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡ್ ಮಾಡಿಸಿದ್ದೇನೆ, ದುಡ್ಡು ಕೊಟ್ಟು ದೊಡ್ಡ ಸ್ಟ್ಯಾಂಡ್ ಕೂಡ ತರಿಸಿದ್ದೇನೆ.

ಹಾಗಾಗಿ ಜೊತೆಗೆ ಸೈಕಲ್ ತುಳಿಯುವವರು ಪದೇ ಪದೇ ಕೇಳುವುದು ಒಂದೇ ಮಾತು. "ಸರ, ರಿಪೇರಿ ಸ್ಟ್ಯಾಂಡ್ ಬೇಕೇ ಬೇಕೇನ್ರಿ? ಇಲ್ಲದ ನಡೀತದೋ?"

ಉತ್ತರ ಮೊದಲೇ ಹೇಳುತ್ತೇನೆ. ಗೇರ್ ಇಲ್ಲದ ಸೈಕಲ್ ಇದ್ದರೆ ಏನೂ ಕೊಳ್ಳಬೇಡಿ. ಗೇರ್ ಇದ್ದರೆ, ಹಿಂದಿನ ಗಾಲಿಯನ್ನು ನೆಲದಿಂದ ಮೂರು ಬೆರಳು ಎತ್ತಿ ಹಿಡಿಯುವ ಒಂದು ಸಣ್ಣ ಸ್ಟ್ಯಾಂಡ್ ಸಾಕು. ಇಡೀ ಸೈಕಲ್ಲನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿಯುವ ದೊಡ್ಡ ಸ್ಟ್ಯಾಂಡ್ ಕೆಲವರಿಗೆ ಮಾತ್ರ ಬೇಕು. ಆದರೆ ಆ ಕೆಲವರಿಗೆ ಅದು ನಿಜಕ್ಕೂ ಬೇಕು.

ಕೆಲಸ ನೋಡಿ ಸ್ಟ್ಯಾಂಡ್ ಆರಿಸಿ

ಸ್ಟ್ಯಾಂಡ್‌ಗಳ ಫೋಟೋ ನೋಡುವ ಮುಂಚೆ, ನೀವು ಮನೆಯಲ್ಲಿ ಮಾಡುವ ಕೆಲಸಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅವುಗಳಲ್ಲಿ ಅರ್ಧಕ್ಕೆ ಸ್ಟ್ಯಾಂಡೇ ಬೇಡ.

ಬಲ ಹಾಕಿ ಮಾಡುವ ಕೆಲಸಕ್ಕೆಲ್ಲ ನೆಲವೇ ಒಳ್ಳೆಯದು. ಪೆಡಲ್ ಬಿಚ್ಚುವುದನ್ನೇ ತೆಗೆದುಕೊಳ್ಳಿ. ಎಡಗಡೆ ಪೆಡಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ, ಬಲಗಡೆಯದು ಸರಿಯಾಗಿ. ಎರಡೂ ಬಿಗಿಯಾಗಿ ಕೂತಿರುತ್ತವೆ. ಎರಡು ಗಾಲಿಯೂ ನೆಲದ ಮೇಲಿದ್ದಾಗ ಪಾನಾ ಹಿಡಿದು ಮೈಭಾರ ಹಾಕಬಹುದು. ಅದೇ ಸೈಕಲ್ ಸ್ಟ್ಯಾಂಡಿನ ಮೇಲೆ ತೂಗುತ್ತಿದ್ದರೆ, ನೀವು ಒತ್ತಿದಷ್ಟೂ ಸೈಕಲ್ಲೇ ತಿರುಗುತ್ತದೆ. ಕ್ರ್ಯಾಂಕಿನ, ಅಂದರೆ ಪೆಡಲ್ ಕೂತಿರುವ ತೋಳಿನ, ಬೋಲ್ಟಿಗೂ ಇದೇ ಮಾತು. ಹ್ಯಾಂಡಲ್ ಕೆಳಗಿನ ಬೇರಿಂಗ್ ಕೂರುವ ಕಪ್ (ಬಟ್ಟಲು) ಸಡಿಲಾಗಿದೆಯಾ ಅಂತ ನೋಡಲೂ ನೆಲವೇ ಬೇಕು. ಮುಂದಿನ ಬ್ರೇಕ್ ಬಿಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದರೆ ಆ ಬಟ್ಟಲಿನಲ್ಲಿ ಟಕ್ ಟಕ್ ಅನ್ನುವುದು ಕೈಗೆ ಗೊತ್ತಾಗುತ್ತದೆ. ಗಾಳಿ ಹಾಕುವುದು, ಸೀಟು ಏರಿಸುವುದು ಇಳಿಸುವುದು, ಇವಕ್ಕಂತೂ ಕೇಳುವುದೇ ಬೇಡ.

ಆಮೇಲೆ ಪಂಚರ್. ನಮ್ಮ ಕಡೆ ಬಳ್ಳಾರಿ ಜಾಲಿಯ ಮುಳ್ಳಿಗೆ ಬರವಿಲ್ಲ. ರಸ್ತೆ ಪಕ್ಕದ ಗಿಡ ಕಡಿದು ಹಾಕಿದ ವಾರ ನೋಡಬೇಕು, ಸೈಕಲ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ಆದರೆ ಪಂಚರ್ ಅಂದರೆ ಗಾಲಿ ಬಿಚ್ಚಿ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಗಾಲಿ ಬಿಚ್ಚಿದ ಮೇಲೆ ಸೈಕಲ್ ಸುಮ್ನೆ ಒಂದು ಗೋಣಿಚೀಲದ ಮೇಲೆ ಮಲಗಿದ್ದರೆ ಸಾಕು. ಗೇರ್ ಸೈಕಲ್ ಆದರೆ ಎರಡು ಎಚ್ಚರ. ಹಿಂದಿನ ಗಾಲಿ ಬಿಚ್ಚುವ ಮುಂಚೆ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಮಲಗಿಸುವಾಗ ಚೈನ್ ಇರುವ ಬಲಮಗ್ಗುಲು ಮೇಲಿರಲಿ.

ಚೈನಿಗೆ ಎಣ್ಣೆ ಹಾಕುವುದಕ್ಕೆ ಸ್ಟ್ಯಾಂಡ್ ಬೇಕೇ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಾಗಿಲ್ಲ. ಫ್ರೀವೀಲ್ ಇರುವ ಯಾವ ಸೈಕಲ್ಲಾದರೂ ಸರಿ, ಗೋಡೆಗೆ ಆನಿಸಿ ಪೆಡಲನ್ನು ಹಿಮ್ಮುಖ ತಿರುಗಿಸಿದರೆ ಚೈನ್ ಪೂರ್ತಿ ಸುತ್ತಿ ಬರುತ್ತದೆ, ಗಾಲಿ ನಿಂತಲ್ಲೇ ಇರುತ್ತದೆ. ಒಂದು ಕೈಯಲ್ಲಿ ಪೆಡಲ್, ಇನ್ನೊಂದು ಕೈಯಲ್ಲಿ ಹಳೆ ಬನಿಯನ್ ತುಂಡು ಹಿಡಿದು ಒರೆಸಿ. ನಂತರ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ, ಐದು ನಿಮಿಷ ಬಿಟ್ಟು ಮತ್ತೆ ಒರೆಸಿ. ಈ ಎರಡನೇ ಸಲ ಒರೆಸುವುದನ್ನು ನಮ್ಮ ಊರಲ್ಲಿ ಬಿಡಲೇಬಾರದು. ಹೊರಗೆ ಉಳಿದ ಎಣ್ಣೆಗೆ ಇಲ್ಲಿನ ಧೂಳು ಮೆತ್ತಿ ಚೈನನ್ನು ಅರದ ಹಾಗೆ ತಿನ್ನುತ್ತದೆ. ಒಂದು ತೊಡಕು ಮಾತ್ರ ಇದೆ. ಕೆಲವು ಸೈಕಲ್ಲಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿಸಿದಾಗ ಹಿಂದಕ್ಕೆ ತಿರುಗುವ ಎಡ ಪೆಡಲಿಗೆ ಅದು ಅಡ್ಡ ಬರುತ್ತದೆ. ಆಗ ಸೈಡ್ ಸ್ಟ್ಯಾಂಡ್ ಮೇಲೆತ್ತಿ ಗೋಡೆಗೆ ಆನಿಸಿಕೊಳ್ಳಿ.

ಹಾಗಾದರೆ ಸ್ಟ್ಯಾಂಡ್ ಎಲ್ಲಿ ಬೇಕು? ಗೇರ್ ಹೊಂದಿಸುವಾಗ. ಪೆಡಲ್ ಮುಂದಕ್ಕೆ ತಿರುಗುತ್ತಿರಬೇಕು, ಗಾಲಿ ಗಾಳಿಯಲ್ಲಿ ಸುತ್ತುತ್ತಿರಬೇಕು, ಒಂದು ಕೈ ಗೇರ್ ಲಿವರ್ ಮೇಲೆ, ಕಣ್ಣು ಚೈನ್ ಮೇಲೆ ಇರಬೇಕು. ಚೈನ್ ಚಿಕ್ಕ ಚಕ್ರದಿಂದ ದೊಡ್ಡದಕ್ಕೆ ಏರಲು ತಡ ಮಾಡುತ್ತಿದೆ ಅನ್ನಿ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಹಿಂದೆ ಕೇಬಲ್ ಸೇರುವ ಕಡೆ ಕೈಯಿಂದ ತಿರುಗಿಸುವ ತಿರುಪು ಇರುತ್ತದೆ. ಅದನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಗೇರ್ ಹಾಕಿ ನೋಡಿ. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಹೀಗೆ ಹತ್ತು ಸಲ ಹಾಕಿ ತೆಗೆದು ಮಾಡುವ ಕೆಲಸ ಇದು. ಸ್ಟ್ಯಾಂಡ್ ಇಲ್ಲದಿದ್ದರೆ ಯಾರಾದರೂ ಸೀಟು ಹಿಡಿದು ಹಿಂಭಾಗ ಎತ್ತಿಕೊಂಡೇ ನಿಲ್ಲಬೇಕು. ಮನೆಯವರು ಒಂದು ಸಲ ಹಿಡಿಯುತ್ತಾರೆ, ಎರಡು ಸಲ ಹಿಡಿಯುತ್ತಾರೆ. ಮೂರನೇ ಸಲ ಕರೆಯಲು ನಿಮಗೇ ಮನಸ್ಸು ಬರುವುದಿಲ್ಲ ಅಲ್ವಾ?

ಹಿಂದಿನ ಬ್ರೇಕ್ ತಾಗುತ್ತಿದೆಯಾ ಅಂತ ನೋಡುವುದು, ಗಾಲಿಯ ಬೆಂಡು ತೆಗೆಯುವುದು, ಇವಕ್ಕೂ ಗಾಲಿ ಗಾಳಿಯಲ್ಲಿ ಇರಬೇಕು. ಇಷ್ಟಕ್ಕೆಲ್ಲ ಬೇಕಾಗಿದ್ದು ಏನು? ಸೈಕಲ್ ನೆಟ್ಟಗೆ ನಿಂತಿರಬೇಕು, ಹಿಂದಿನ ಗಾಲಿ ನೆಲ ಬಿಟ್ಟಿರಬೇಕು, ಎರಡೂ ಕೈ ಖಾಲಿ ಇರಬೇಕು. ಈ ಮೂರನ್ನು ಕೊಡುವ ಯಾವ ವ್ಯವಸ್ಥೆಯಾದರೂ ಸರಿ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಇದೇ ಅಳತೆಗೋಲಿನಿಂದ ಮಾಡಿದ್ದೇನೆ.

ಅಪ್ಪನ ಸೈಕಲ್ಲಿನ ಡಬಲ್ ಸ್ಟ್ಯಾಂಡ್

ನಮ್ಮ ಹಳೆಯ ಕರಿ ಸೈಕಲ್ ಮಾಡಿದವರು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಹಿಂದಿನ ಗಾಲಿಯ ಎರಡೂ ಬದಿಗೆ ಕಾಲು ಊರುವ ಡಬಲ್ ಸ್ಟ್ಯಾಂಡನ್ನು ಒಮ್ಮೆ ಎಳೆದು ಹಾಕಿದರೆ ಸೈಕಲ್ ನೆಟ್ಟಗೆ ನಿಲ್ಲುತ್ತದೆ, ಹಿಂದಿನ ಗಾಲಿ ನೆಲ ಬಿಡುತ್ತದೆ. ಹಾಲಿನ ಕ್ಯಾನು ಕಟ್ಟುವಾಗ ಸೈಕಲ್ ಅಲುಗದಿರಲಿ ಅಂತ ಇದ್ದ ಸ್ಟ್ಯಾಂಡ್, ರಿಪೇರಿ ಸ್ಟ್ಯಾಂಡೂ ಹೌದು. ಹುಡುಗರಾಗಿದ್ದಾಗ ಪೆಡಲ್ ಕೈಯಲ್ಲಿ ತಿರುಗಿಸಿ ಗಾಲಿ ಗಿರ್ ಅನ್ನಿಸಿ, ಡೈನಮೊ ದೀಪ ಹತ್ತುವುದನ್ನು ನೋಡುತ್ತಿದ್ದೆವು. ಅದೇ ಗಾಲಿಯ ಪಕ್ಕ ಕೂತು ಅಪ್ಪ ಬ್ರೇಕಿನ ರಬ್ಬರ್ ಸರಿ ಮಾಡುತ್ತಿದ್ದರು.

ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗಲೂ ಇದೇ ಬುದ್ಧಿ. ಗಾಡಿಯನ್ನೇ ಯಾರೂ ಎತ್ತುತ್ತಿರಲಿಲ್ಲ. ಅಚ್ಚಿನ ಕೆಳಗೆ ಒಂದು ಆನಿಕೆ ಕೊಟ್ಟು, ಆ ಒಂದು ಗಾಲಿ ಮಾತ್ರ ನೆಲ ಬಿಡುವಂತೆ ಮಾಡಿ ಕೆಲಸ ಮುಗಿಸುತ್ತಿದ್ದರು.

ನಿಮ್ಮ ಮನೆಯಲ್ಲಿ ಇಂಥ ಸೈಕಲ್ ಒಂದೇ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು. ಒಂದು ಪಾನಾ ಸೆಟ್, ಟೈರ್ ತೆಗೆಯುವ ಎರಡು ಪಟ್ಟಿ, ಒಂದು ಒಳ್ಳೆಯ ಪಂಪು ತೆಗೆದುಕೊಳ್ಳಿ. ಸ್ಟ್ಯಾಂಡಿನ ದುಡ್ಡು ಉಳಿಯಿತು.

ತಲೆಕೆಳಗು ಮಾಡುವುದು

ದಾರಿಯಲ್ಲಿ ಪಂಚರ್ ಆದರೆ ಎಲ್ಲರೂ ಮಾಡುವುದು ಇದನ್ನೇ. ಸೀಟು ಮತ್ತು ಹ್ಯಾಂಡಲ್ ಮೇಲೆ ಸೈಕಲ್ ಡಬ್ಬು ಹಾಕಿದರೆ ಎರಡು ಗಾಲಿಯೂ ಮೇಲೆ ಬರುತ್ತವೆ. ಒಂದು ಪೈಸೆ ಖರ್ಚಿಲ್ಲ. ನಮ್ಮ ಹಳೆಯ ಸೈಕಲ್ ಅಂಗಡಿಗಳಲ್ಲಿ ಇಡೀ ಜೀವನ ಹೀಗೇ ಕೆಲಸ ಮಾಡಿದವರಿದ್ದಾರೆ, ಅವರ ಕೈಯಲ್ಲಿ ಬೆಂಡು ತೆಗೆದ ಗಾಲಿ ನೂಲು ಹಿಡಿದಂತೆ ಸುತ್ತುತ್ತದೆ. ಹಾಗಾಗಿ ಇದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬೆಂಡು ತೆಗೆಯಲು ಇದು ನಿಜಕ್ಕೂ ಚೆನ್ನಾಗಿದೆ. ಬ್ರೇಕಿನ ರಬ್ಬರನ್ನೇ ಗುರುತಾಗಿ ಇಟ್ಟುಕೊಂಡು, ರಿಮ್ ಯಾವ ಕಡೆ ತಾಗುತ್ತದೋ ನೋಡಿ, ಅದರ ಎದುರು ಬದಿಯ ತಂತಿಯನ್ನು (ಸ್ಪೋಕ್) ಕಾಲು ಸುತ್ತು ಬಿಗಿ ಮಾಡುತ್ತಾ ಹೋಗಬೇಕು. ಡಿಸ್ಕ್ ಬ್ರೇಕ್ ಆದರೆ ರಿಮ್ ಹತ್ತಿರ ರಬ್ಬರ್ ಇರುವುದಿಲ್ಲ. ಆಗ ಗಾಲಿಯ ಪಕ್ಕದ ಪೈಪಿಗೆ ಒಂದು ಪೊರಕೆ ಕಡ್ಡಿ ಕಟ್ಟಿಕೊಂಡರೆ ಅದೇ ಗುರುತು.

ತೊಂದರೆ ಶುರುವಾಗುವುದು ಗೇರಿನಲ್ಲಿ. ಗೇರ್ ಲಿವರ್ ನೆಲಕ್ಕೆ ಒತ್ತಿಕೊಂಡಿರುತ್ತದೆ, ಬೆರಳು ಹೋಗುವುದಿಲ್ಲ. ಎಡ ಬಲ ಅದಲು ಬದಲಾಗಿ ಯಾವ ತಿರುಪನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದೇ ಗೊಂದಲ. ಚೈನಿಗೆ ಹಾಕಿದ ಎಣ್ಣೆ ಸೀಟಿನ ಮೇಲೆ ಸುರಿಯುತ್ತದೆ. ಹ್ಯಾಂಡಲ್ ಮೇಲೆ ದೀಪ, ಮೀಟರ್ ಇದ್ದರೆ ಅವುಗಳ ಗಾಜು ನೆಲಕ್ಕೆ ತಾಗುತ್ತದೆ.

ಎಣ್ಣೆಯಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಬ್ರೇಕ್ ಲಿವರಿನ ಒಳಗೆ ಎಣ್ಣೆಯ ಸಣ್ಣ ತೊಟ್ಟಿ ಇರುತ್ತದೆ. ಅದರಲ್ಲಿ ಸ್ವಲ್ಪ ಗಾಳಿ ಸೇರಿದ್ದರೆ, ಸೈಕಲ್ ನೆಟ್ಟಗಿರುವಾಗ ಆ ಗಾಳಿ ತೊಟ್ಟಿಯ ಮೇಲ್ಭಾಗದಲ್ಲಿ ಸುಮ್ಮನಿರುತ್ತದೆ. ತಲೆಕೆಳಗು ಮಾಡಿದಾಗ ಅದು ಪೈಪಿನೊಳಗೆ ಏರುತ್ತದೆ. ಮತ್ತೆ ನೆಟ್ಟಗೆ ನಿಲ್ಲಿಸಿ ಬ್ರೇಕ್ ಹಿಡಿದರೆ ಸ್ಪಂಜ್ ಹಿಚುಕಿದ ಹಾಗೆ ಆಗುತ್ತದೆ. ಹೊಸದಾಗಿ ಸರಿಯಾಗಿ ಎಣ್ಣೆ ತುಂಬಿದ ಬ್ರೇಕಿಗೆ ಈ ಭಯವಿಲ್ಲ. ಆದರೂ ತಲೆಕೆಳಗು ಮಾಡಿ ಎತ್ತಿದ ಮೇಲೆ ಲಿವರನ್ನು ಹತ್ತಾರು ಸಲ ಹಿಡಿದು ಬಿಟ್ಟು, ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡೇ ರಸ್ತೆಗೆ ಇಳಿಯಿರಿ. ಇದರಲ್ಲಿ ಅಸಡ್ಡೆ ಬೇಡ.

ಹಗ್ಗ, ಕೊಂಡಿ, ಅಡ್ಡಪೈಪು

ನಮ್ಮ ಮನೆಗಳ ಛತ್ತಿನಲ್ಲಿ ತೊಟ್ಟಿಲು ತೂಗಲು ಒಂದು ಕೊಂಡಿ ಇದ್ದೇ ಇರುತ್ತದೆ. ಪಂಚಮಿ ಹಬ್ಬಕ್ಕೆ ಜೋಕಾಲಿ ಕಟ್ಟಿದ ಹಗ್ಗವೂ ಅಟ್ಟದ ಮೇಲೆ ಇರುತ್ತದೆ. ಇವೆರಡೂ ಸೇರಿದರೆ ಪುಕ್ಕಟೆ ಸ್ಟ್ಯಾಂಡ್. ಸೀಟಿನ ಕೆಳಗಿನ ಕಂಬಿಗಳಿಗೆ ಒಂದು ಹಗ್ಗ, ಹ್ಯಾಂಡಲ್ ನಡುವಿನ ದಪ್ಪ ಭಾಗಕ್ಕೆ ಇನ್ನೊಂದು. ಸೊಂಟದೆತ್ತರಕ್ಕೆ ಎತ್ತಿ ಕಟ್ಟಿದರೆ ನಿಂತೇ ಕೆಲಸ ಮಾಡಬಹುದು. ತಿಕೋಟಾ ಕಡೆಯ ನನ್ನ ಗೆಳೆಯರೊಬ್ಬರು ದ್ರಾಕ್ಷಿ ತೋಟದ ಕಬ್ಬಿಣದ ಚಪ್ಪರಕ್ಕೇ ಸೈಕಲ್ ತೂಗುಹಾಕಿ ತೊಳೆಯುತ್ತಾರೆ. ತೊಳೆದ ನೀರು ಬಳ್ಳಿಯ ಬುಡಕ್ಕೇ ಹೋಗುತ್ತದೆ.

ನಾನು ಒಂದು ಮಳೆಗಾಲ ಪೂರ್ತಿ ಹೀಗೆ ಮಾಡಿದೆ. ಒರೆಸಲು, ತೊಳೆಯಲು ಬಹಳ ಚೆನ್ನಾಗಿತ್ತು. ಗೇರ್ ಹೊಂದಿಸಲು ಅಷ್ಟಕ್ಕಷ್ಟೇ. ಪೆಡಲ್ ತಿರುಗಿಸಿದರೆ ಸೈಕಲ್ ತೊಟ್ಟಿಲಿನಂತೆ ತೂಗುತ್ತದೆ. ಒಂದು ಸಲ ಹಿಂದಿನ ಗಂಟು ಜಾರಿ ಸೈಕಲ್ ಬಲಮಗ್ಗುಲಾಗಿ ಬಿತ್ತು. ಡಿರೇಲರ್ ಹಿಡಿದಿಡುವ ಹ್ಯಾಂಗರ್ ಅನ್ನುವ ಸಣ್ಣ ತುಂಡು ಬಗ್ಗಿತು. ಅದು ಬೇಕಂತಲೇ ಮೆತ್ತಗೆ ಮಾಡಿದ ತುಂಡು, ಫ್ರೇಮ್ ಉಳಿಯಲಿ ಅಂತ. ಆದರೆ ಪ್ರತಿ ಮಾಡೆಲ್‌ಗೂ ಅದರ ಆಕಾರ ಬೇರೆ. ಊರಲ್ಲಿ ಸಿಗಲಿಲ್ಲ, ಹೊರಗಿನಿಂದ ತರಿಸುವ ತನಕ ಮಗಳು ಸೈಕಲ್ ಇಲ್ಲದೆ ಇದ್ದಳು. ಹಗ್ಗ ಕಟ್ಟುವುದಾದರೆ ಗಂಟು ನಂಬಬೇಡಿ. ಮೋಟರ್‌ಸೈಕಲ್ ಮೇಲೆ ಸಾಮಾನು ಕಟ್ಟುವ ಬಕಲ್ ಪಟ್ಟಿ ತೆಗೆದುಕೊಳ್ಳಿ.

ಹಗ್ಗಕ್ಕಿಂತ ಸುಲಭದ ಉಪಾಯ ಇನ್ನೊಂದಿದೆ. ಸೀಟಿಗಿಂತ ಸ್ವಲ್ಪವೇ ಎತ್ತರದಲ್ಲಿ ಗಟ್ಟಿಯಾದ ಅಡ್ಡಪೈಪು ಇದ್ದರೆ, ಸೈಕಲ್ ಹಿಂಭಾಗ ಎತ್ತಿ ಸೀಟಿನ ಮೂತಿಯನ್ನು ಪೈಪಿನ ಮೇಲೆ ಸಿಕ್ಕಿಸಿಬಿಡಿ. ಹಿಂದಿನ ಗಾಲಿ ನೆಲ ಬಿಡುತ್ತದೆ, ಮುಂದಿನದು ನೆಲದ ಮೇಲೇ ಇರುತ್ತದೆ. ಮಾಳಿಗೆಯ ಮೆಟ್ಟಿಲ ಕಂಬಿ, ಅಂಗಳದ ದನ ಕಟ್ಟುವ ಅಡ್ಡಗಳ, ಯಾವುದಾದರೂ ಆದೀತು. ಗೇರ್ ಒಮ್ಮೆ ನೋಡಿಕೊಳ್ಳಲು ಸಾಕು.

ಹಿಂಗಾಲಿ ಸ್ಟ್ಯಾಂಡ್: ಬಹಳ ಮನೆಗಳಿಗೆ ಇದೇ ಸಾಕು

ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಹಿಂದಿನ ಗಾಲಿಯ ಕೆಳಗೆ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಅದೇ ಇದು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಮಡಚಿ ಬಾಗಿಲ ಹಿಂದೆ ಇಡಬಹುದು. ಬಾಡಿಗೆ ಮನೆಯಲ್ಲಿರುವವರು ಗೋಡೆಗೆ ಮೊಳೆ ಹೊಡೆಯುವ ಮಾತೇ ಇಲ್ಲ.

ಇದರಲ್ಲಿ ಎರಡು ಬಗೆ. ಒಂದು ಬಗೆ ಗಾಲಿಯ ಅಚ್ಚಿನ ಎರಡು ತುದಿಗಳನ್ನು, ಅಂದರೆ ನಟ್ಟು ಅಥವಾ ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಇರುವ ಜಾಗವನ್ನು ಹಿಡಿಯುತ್ತದೆ. ಇನ್ನೊಂದು, ಅಚ್ಚಿನ ಹತ್ತಿರ ಸೇರುವ ಫ್ರೇಮಿನ ಪೈಪುಗಳಿಗೆ ಕೊಕ್ಕೆಯಂತೆ ಕೂರುತ್ತದೆ. ಹೊಸ ಡಿಸ್ಕ್ ಬ್ರೇಕ್ ಸೈಕಲ್‌ಗಳಲ್ಲಿ ಥ್ರೂ ಆಕ್ಸಲ್ ಅಂತ ಬರುತ್ತದೆ. ಅದರಲ್ಲಿ ಅಚ್ಚಿನ ತುದಿ ಹೊರಗೆ ಚಾಚಿರುವುದಿಲ್ಲ, ಮೊದಲ ಬಗೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಥವರು ಕೊಕ್ಕೆಯ ಬಗೆಯನ್ನೇ ನೋಡಬೇಕು. ಬ್ರೇಕಿನಲ್ಲಿ ಡಿಸ್ಕನ್ನು ಹಿಡಿಯುವ ಭಾಗಕ್ಕೆ ಕೊಕ್ಕೆ ತಾಗುತ್ತದೆಯಾ ಅಂತಲೂ ನೋಡಿ. ಸಾಧ್ಯವಾದರೆ ಸೈಕಲ್ ತೆಗೆದುಕೊಂಡೇ ಅಂಗಡಿಗೆ ಹೋಗಿ.

ನಾನು ಈಗ ಜಾಸ್ತಿ ಬಳಸುವುದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದನ್ನು. ಮಾಡಿಸುವುದು ಕಷ್ಟವಲ್ಲ. ಮೊದಲು ನಿಮ್ಮ ಸೈಕಲ್ಲಿನ ನೆಲದಿಂದ ಹಿಂದಿನ ಅಚ್ಚಿನ ತನಕ ಅಳೆಯಿರಿ. ದೊಡ್ಡವರ ಸೈಕಲ್ಲಿನಲ್ಲಿ ಇದು ಸುಮಾರು 33ರಿಂದ 37 ಸೆಂಟಿಮೀಟರ್ ಇರುತ್ತದೆ. ಅದಕ್ಕೆ 4 ಸೆಂಟಿಮೀಟರ್ ಸೇರಿಸಿ. ಆ ಎತ್ತರಕ್ಕೆ ಎರಡು ಕಂಬ, ಕಂಬದ ತುದಿಯಲ್ಲಿ ಅಚ್ಚಿನ ತುದಿ ಕೂರುವ ಹಾಗೆ ಇಂಗ್ಲಿಷ್ ಯು ಅಕ್ಷರದಂಥ ಹಳ್ಳ. ಎರಡು ಕಂಬದ ನಡುವಿನ ಅಂತರವನ್ನು ನಿಮ್ಮ ಅಚ್ಚಿನ ಅಗಲ ನೋಡಿಯೇ ಹೇಳಬೇಕು. ಅಲ್ಲಿ ಅಂದಾಜು ನಡೆಯುವುದಿಲ್ಲ. ಬುಡದ ಚೌಕಟ್ಟು ಅಗಲವಾಗಿರಲಿ, ಆದರೆ ಮುಂದಕ್ಕೆ ಉದ್ದ ಬೇಡ, ಪೆಡಲ್ ತಾಗುತ್ತದೆ. ಹಳ್ಳಕ್ಕೆ ಹಳೆ ಟ್ಯೂಬಿನ ರಬ್ಬರ್ ಸುತ್ತಿ. ಬಣ್ಣ ಹೊಡೆಸಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಬರುತ್ತದೆ.

ನನಗೆ ಅದನ್ನು ಮಾಡಿಕೊಟ್ಟ ಹಿರಿಯರು ಮೊದಲು ಸೈಕಲ್ ಅಂಗಡಿಯನ್ನೂ ನಡೆಸಿದವರು. ಮೊದಲು ನಾನು ಅವರ ಮುಂದೆ ದೊಡ್ಡ ಸ್ಟ್ಯಾಂಡಿನ ಚಿತ್ರ ಇಟ್ಟಿದ್ದೆ. ಅವರು ನೋಡಿ, "ಗಾಲಿ ಎತ್ತಿದ್ರ ಸಾಕ್ರಿ ಸರ, ಸೈಕಲ್ ಯಾಕ ಎತ್ತತೀರಿ?" ಅಂದರು. ಆ ಮಾತು ಆವತ್ತು ಅರ್ಧ ಅರ್ಥವಾಗಿತ್ತು. ಒಂದು ವರ್ಷ ಅದರ ಮೇಲೆ ಕೆಲಸ ಮಾಡಿದ ಮೇಲೆ ಪೂರ್ತಿ ಅರ್ಥವಾಯಿತು.

ಕೊರತೆಯೂ ಇದೆ, ಹೇಳಬೇಕು. ಹಿಂದಿನ ಗಾಲಿ ಬಿಚ್ಚುವ ಕೆಲಸಕ್ಕೆ ಅಚ್ಚು ಹಿಡಿಯುವ ಬಗೆ ಬರುವುದಿಲ್ಲ. ಮುಂದಿನ ಗಾಲಿಗೆ ಇದರಿಂದ ಏನೂ ಉಪಯೋಗವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ನೆಲದ ಮೇಲೆ ಕೂರಬೇಕು. ಒಂದು ಮಣೆ ಹಾಕಿಕೊಂಡು ಅರ್ಧ ಗಂಟೆ ಕೂರಬಲ್ಲವರಿಗೆ ಚಿಂತೆಯಿಲ್ಲ. ಕೂರಲಾಗದವರಿಗೆ ಮುಂದಿನ ಮಾತು.

ಇಡೀ ಸೈಕಲ್ ಎತ್ತುವ ಸ್ಟ್ಯಾಂಡ್

ಮೂರು ಕಾಲಿನ ಮೇಲೆ ಒಂದು ಕಂಬ, ಅದರ ತುದಿಗೆ ಇಕ್ಕಳದಂಥ ಹಿಡಿಕೆ. ಹಿಡಿಕೆಯಲ್ಲಿ ಸೀಟಿನ ಪೈಪು ಸಿಕ್ಕಿಸಿ ಬಿಗಿ ಮಾಡಿದರೆ ಇಡೀ ಸೈಕಲ್ ಗಾಳಿಯಲ್ಲಿ ನಿಲ್ಲುತ್ತದೆ. ಬೇಕಾದ ಎತ್ತರಕ್ಕೆ ಏರಿಸಬಹುದು, ಓರೆ ಮಾಡಬಹುದು. ಸಾಧಾರಣದ್ದು ಮೂರು ನಾಲ್ಕು ಸಾವಿರದಿಂದ ಶುರುವಾಗುತ್ತದೆ, ಪಾರ್ಕ್ ಟೂಲ್‌ನಂಥ ಹೆಸರಾದ ಕಂಪನಿಯದು ಹತ್ತು ಸಾವಿರ ದಾಟುತ್ತದೆ.

ಇದರ ನಿಜವಾದ ಲಾಭ ಬೆನ್ನು ಮತ್ತು ಮೊಣಕಾಲಿಗೆ. ಚೈನ್ ಕಣ್ಣಿನ ಎತ್ತರಕ್ಕೆ ಬರುತ್ತದೆ. ಬಗ್ಗುವುದಿಲ್ಲ, ಕುಕ್ಕರಗಾಲಲ್ಲಿ ಕೂರುವುದಿಲ್ಲ. ಮೊಣಕಾಲು ನೋವಿರುವ ಹಿರಿಯರು ದುಡ್ಡಿನ ಲೆಕ್ಕ ಬದಿಗಿಟ್ಟು ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ನನ್ನ ಅಣ್ಣನವರು ಅರವತ್ತು ದಾಟಿದವರು. ನೆಲಕ್ಕೆ ಕೂತು ಏಳಲಾಗದೆ ಸೈಕಲ್ ಕೆಲಸವನ್ನೇ ಬಿಟ್ಟಿದ್ದರು. ಈ ಸ್ಟ್ಯಾಂಡ್ ಬಂದ ಮೇಲೆ ಮತ್ತೆ ಹಿಡಿದಿದ್ದಾರೆ. ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಎರಡನೆಯವರು, ಸೈಕಲ್ಲನ್ನು ಪೂರ್ತಿ ಬಿಚ್ಚಿ ಜೋಡಿಸುವವರು. ಎರಡೂ ಗಾಲಿ ತೆಗೆದು, ಮುಂದಿನ ಗಾಲಿ ಹಿಡಿಯುವ ಫೋರ್ಕ್ ಇಳಿಸಿ, ಹೊಸ ಕೇಬಲ್ ಎಳೆಯುವ ಕೆಲಸಕ್ಕೆ ಬೇರೆ ಯಾವುದೂ ಸಾಲದು. ಮೂರನೆಯವರು, ಮನೆಯಲ್ಲಿ ನಾಲ್ಕೈದು ಗೇರ್ ಸೈಕಲ್ ಇದ್ದು ಪ್ರತಿ ವಾರ ಕೆಲಸ ಇರುವವರು.

ಕೊಳ್ಳುವುದಾದರೆ ಕೆಲವು ಮಾತು ಗಮನದಲ್ಲಿರಲಿ. ಹಿಡಿಕೆಯನ್ನು ಯಾವಾಗಲೂ ಸೀಟಿನ ಪೈಪಿಗೇ ಹಾಕಿ. ಫ್ರೇಮಿನ ಮೇಲಿನ ಅಡ್ಡ ಪೈಪು ಹಿಡಿಯಲು ಸುಲಭ ಅನ್ನಿಸುತ್ತದೆ, ಆದರೆ ಇವತ್ತಿನ ಅಲ್ಯೂಮಿನಿಯಂ ಪೈಪಿನ ಗೋಡೆ ತೆಳು. ಒತ್ತಿದರೆ ತಗ್ಗು ಬೀಳುತ್ತದೆ. ಕಾರ್ಬನ್ ಫ್ರೇಮ್ ಆದರೆ ಒಳಗೇ ಬಿರುಕು ಬಿಡಬಹುದು, ಹೊರಗೆ ಕಾಣುವುದೂ ಇಲ್ಲ. ಸೀಟು ಬಹಳ ಕೆಳಗಿದ್ದರೆ ಹಿಡಿಯಲು ಜಾಗ ಸಾಲದು. ಆಗ ಪೈಪನ್ನು ಮೇಲೆಳೆಯಬೇಕು, ಅದಕ್ಕೆ ಮುಂಚೆ ನಿಮ್ಮ ಎತ್ತರ ಇದ್ದಲ್ಲಿ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಪೈಪಿನ ಮೇಲೆ ಇಷ್ಟಕ್ಕಿಂತ ಮೇಲೆ ಎಳೆಯಬೇಡಿ ಅನ್ನುವ ಗೆರೆ ಇರುತ್ತದೆ, ಅದನ್ನು ದಾಟಬೇಡಿ. ಹಿಡಿಕೆ ಹಾಕುವ ಮುಂಚೆ ಪೈಪು ಒರೆಸಿ, ಧೂಳಿನ ಮೇಲೇ ಬಿಗಿ ಮಾಡಿದರೆ ಗೀರು ಬೀಳುತ್ತದೆ. ಸೀಟಿನ ಪೈಪು ಗುಂಡಗಿಲ್ಲದೆ ಚಪ್ಪಟೆಯಾಗಿರುವ ರೇಸ್ ಸೈಕಲ್‌ಗೆ ಸಾಮಾನ್ಯ ಹಿಡಿಕೆ ಸರಿ ಕೂರುವುದಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಿ.

ಸ್ಟ್ಯಾಂಡ್ ಎಷ್ಟು ಭಾರ ತಡೆಯುತ್ತದೆ ಅನ್ನುವುದೂ ಮುಖ್ಯ. ಹಳೆಯ ಕರಿ ಸೈಕಲ್, ಬ್ಯಾಟರಿ ಸೈಕಲ್ ಇವು 20 ಕಿಲೋ ದಾಟುತ್ತವೆ. ಅವನ್ನು ಎದೆಯ ತನಕ ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಹಿಡಿಕೆ ಬಿಗಿ ಮಾಡಬೇಕು. ಒಬ್ಬರೇ ಮಾಡುವ ಕೆಲಸವಲ್ಲ. ಮುಂದಿನ ಗಾಲಿ ತೊನೆದಾಡದಂತೆ ಫ್ರೇಮಿಗೆ ಒಂದು ಪಟ್ಟಿ ಕಟ್ಟಿ. ಪರಸಿ ಕಲ್ಲು ಹಾಸಿದ ಅಂಗಳದಲ್ಲಿ ನೆಲ ಒಂದೇ ಸಮ ಇರುವುದಿಲ್ಲ, ಸೈಕಲ್ ಏರಿಸುವ ಮುಂಚೆ ಮೂರೂ ಕಾಲು ಗಟ್ಟಿ ಊರಿದೆಯಾ ಅಂತ ಅಲುಗಿಸಿ ನೋಡಿ.

ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಹಿಡಿಕೆಯೂ ಸಿಗುತ್ತದೆ. ಸ್ವಂತ ಮನೆ, ಗಟ್ಟಿ ಗೋಡೆ ಇದ್ದರೆ ಜಾಗ ಉಳಿಯುತ್ತದೆ. ಆದರೆ ಸೈಕಲ್ಲಿನ ಇನ್ನೊಂದು ಬದಿಗೆ ಹೋಗಬೇಕಾದರೆ ಪ್ರತಿ ಸಲ ಬಿಚ್ಚಿ ತಿರುಗಿಸಬೇಕು.

ರೇಸಿನವರ ಸ್ಟ್ಯಾಂಡ್ ಬೇರೆ. ಮುಂದಿನ ಗಾಲಿ ಬಿಚ್ಚಿ ಫೋರ್ಕನ್ನು ಒಂದು ಕಡೆ ಸಿಕ್ಕಿಸಿ, ಪೆಡಲ್ ಅಚ್ಚಿನ ಕೆಳಗಿನ ಭಾಗವನ್ನು ತೊಟ್ಟಿಲಂಥ ಆಧಾರದ ಮೇಲೆ ಕೂರಿಸುತ್ತಾರೆ. ಎಲ್ಲೂ ಇಕ್ಕಳ ಇಲ್ಲ, ಹಾಗಾಗಿ ಕಾರ್ಬನ್ ಫ್ರೇಮಿಗೆ ಇದು ಒಳ್ಳೆಯದು. ವಿಜಯಪುರ, ಬಾಗಲಕೋಟೆ ಎರಡೂ ಸೈಕ್ಲಿಂಗ್ ಪಟುಗಳಿಗೆ ಹೆಸರಾದ ಜಿಲ್ಲೆಗಳು. ಇಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಮಗು ಇದ್ದು, ದುಬಾರಿ ರೇಸ್ ಸೈಕಲ್ ಬಂದಿದ್ದರೆ, ಈ ಸ್ಟ್ಯಾಂಡಿಗೆ ಹಾಕಿದ ದುಡ್ಡು ದಂಡವಲ್ಲ. ಉಳಿದವರಿಗೆ ಬೇಡ.

ಸ್ಟ್ಯಾಂಡಿಗಿಂತ ಮೊದಲು ಕೊಳ್ಳಬೇಕಾದ್ದು

ಒಂದೇ ಸಲಕ್ಕೆ ಐದು ಸಾವಿರ ಖರ್ಚು ಮಾಡುವ ಮನಸ್ಸಿದ್ದರೆ, ಸ್ಟ್ಯಾಂಡಿಗೆ ಅದರಲ್ಲಿ ಸಾವಿರ ಮಾತ್ರ ಇಡಿ. ಉಳಿದದ್ದರಲ್ಲಿ ಅಳತೆ ತೋರಿಸುವ ಪಂಪು, ಒಳ್ಳೆಯ ಅಲೆನ್ ಕೀ ಸೆಟ್, ಚೈನ್ ಬಿಚ್ಚುವ ಸಾಧನ, ಚೈನ್ ಎಣ್ಣೆ ಬರುತ್ತವೆ. ಚೈನ್ ಸವೆದಿದೆಯಾ ಅಂತ ನೋಡಲು ಮಕ್ಕಳ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆ ಅಂತ ಹಿಡಿದು ಎಣಿಸಿದರೆ, ಅದರಿಂದ 24ನೇ ಪಿನ್ನಿನ ತನಕ ಸರಿಯಾಗಿ 12 ಇಂಚು ಇರುತ್ತದೆ. ಅದು 12 ಇಂಚಿನ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಬೆಳೆದಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಬೆಳೆಯುವ ತನಕ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸುವ ಖರ್ಚು ಬರುತ್ತದೆ. ಎರಿ ಮಣ್ಣಿನ ಧೂಳಿನಲ್ಲಿ ಇದು ನೀವು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಅಳೆಯಿರಿ.

ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಎರಿ ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿ ಒಣಗಿದರೆ ಸಿಮೆಂಟಿನ ಹಾಗೆ. ಹಸಿ ಇದ್ದಾಗಲೇ ತೆಗೆಯಬೇಕು. ಹಿಂಗಾಲಿ ಸ್ಟ್ಯಾಂಡಿನ ಮೇಲೆ ಗಾಲಿ ಸುತ್ತುತ್ತಾ, ಒಂದು ಕಡ್ಡಿ ಹಿಡಿದು ಕೆರೆದರೆ ಅರ್ಧ ಬಕೆಟ್ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಆ ಅರ್ಧ ಬಕೆಟ್ಟಿಗೂ ಬೆಲೆ ಇದೆ.

ದೊಡ್ಡ ಸ್ಟ್ಯಾಂಡ್ ವರ್ಷಕ್ಕೆ ನಾಲ್ಕು ಸಲ ಮಾತ್ರ ಬೇಕಾಗುವವರಿಗೆ ಇನ್ನೊಂದು ದಾರಿ ಇದೆ. ನಾನು ತರಿಸಿದ್ದು ಈಗ ನಮ್ಮ ಮನೆಯಲ್ಲಿಲ್ಲ. ಭಾನುವಾರ ಜೊತೆಗೆ ತುಳಿಯುವ ಐದು ಮನೆಯವರು ಸೇರಿ ಅದರ ದುಡ್ಡು ಹಂಚಿಕೊಂಡೆವು. ಅಣ್ಣನ ಮನೆಯಲ್ಲಿ ಅದು ಇರುತ್ತದೆ, ಯಾಕೆಂದರೆ ಪ್ರತಿ ವಾರ ಬೇಕಾಗುವುದು ಅವರಿಗೇ. ಉಳಿದವರು ಬೇಕಾದಾಗ ಒಯ್ಯುತ್ತೇವೆ. ದಸರೆಗೆ ಮುಂಚೆ ಒಂದು ವಾರ ಅದು ನಮ್ಮ ಪಡಸಾಲೆಗೆ ಬರುತ್ತದೆ. ಖಂಡೆ ಪೂಜೆಯ ದಿನ ಸೈಕಲ್‌ಗಳಿಗೆ ಚೆಂಡುಹೂವು ಕಟ್ಟುವ ಮುಂಚೆ ಮಗಳ ಸೈಕಲ್ ಪೂರ್ತಿ ಬಿಚ್ಚಬೇಕು. ಈ ಸಲ ಹೊಸ ಕೇಬಲ್ ತಾನೇ ಎಳೆಯುತ್ತೇನೆ ಅಂದಿದ್ದಾಳೆ.